ಕ್ಲಿನಿಕ್‌ಗೆ ಹೋಗಲು ಮನಸ್ಸೇ ಬರುತ್ತಿಲ್ಲ: ಒಬ್ಬ ದಂತವೈದ್ಯೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಬಿಡಿಎಸ್ ಮುಗಿಸಿ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ಬೆಳಿಗ್ಗೆ ಹತ್ತರಿಂದ ಎರಡು, ಸಂಜೆ ಐದರಿಂದ ಒಂಬತ್ತು. ಮೊದಲು ಈ ಕೆಲಸ ತುಂಬಾ ಇಷ್ಟವಿತ್ತು. ಈಗ ಭಾನುವಾರ ಸಂಜೆಯೇ ಎದೆ ಭಾರವಾಗುತ್ತದೆ. ಪೇಷೆಂಟ್ ಬಾಯಿ ತೆರೆಯುವ ಮೊದಲೇ ಸಿಡುಕು. ಕತ್ತು ನೋವು ಬೇರೆ. ರೂಟ್ ಕೆನಾಲ್‌ನಲ್ಲಿ ಫೈಲ್ (ಹಲ್ಲಿನ ಬೇರಿನ ಕಾಲುವೆ ಸ್ವಚ್ಛಮಾಡುವ ಸೂಜಿಯಂಥ ಲೋಹದ ಉಪಕರಣ) ಮುರಿದರೆ ವಾರಗಟ್ಟಲೆ ನಿದ್ದೆಯಿಲ್ಲ. ಮನೆಯಲ್ಲಿ ಹೇಳಿಕೊಂಡರೆ "ಡಾಕ್ಟರಾಗಿ ನೀನೇ ಹೀಗಂದ್ರೆ ಹೇಗೆ?" ಅಂತಾರೆ. ಯೋಗ, ಧ್ಯಾನ ಮಾಡಿ ನೋಡಿದೆ, ಹೆಚ್ಚೇನೂ ಬದಲಾಗಲಿಲ್ಲ. ಇದು ಬರ್ನ್‌ಔಟಾ? ಏನು ಮಾಡಲಿ?

ಉತ್ತರ: ಡಾಕ್ಟರೇ, ನೀವು ಬರೆದಿರುವುದು ಬಹುಮಟ್ಟಿಗೆ ಬರ್ನ್‌ಔಟ್‌ನ ವಿವರಣೆಗೇ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-11ರ ವಿವರಣೆ ಕೊಡುವಾಗ ಇದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದ ಒತ್ತಡ ಬಹುಕಾಲ ಹಾಗೇ ಉಳಿದಾಗ ಹುಟ್ಟುವ ಸ್ಥಿತಿ ಎಂದಿತು. ಅದಕ್ಕೆ ಮೂರು ಗುರುತು ಹೇಳಿದೆ: ಮೈಮನಸ್ಸಿನ ಬಳಲಿಕೆ, ಕೆಲಸದ ಬಗ್ಗೆ ಬೇಸರ ಅಥವಾ ದೂರವಾದ ಭಾವ, "ನನ್ನಿಂದ ಸರಿಯಾಗಿ ಆಗುತ್ತಿಲ್ಲ" ಎನ್ನುವ ಅನಿಸಿಕೆ. ಭಾನುವಾರದ ಎದೆಭಾರ, ಪೇಷೆಂಟ್ ಮೇಲಿನ ಸಿಡುಕು, ಮುರಿದ ಫೈಲ್ ಕೆಡಿಸುವ ನಿದ್ದೆ. ಮೂರೂ ನಿಮ್ಮ ಪತ್ರದಲ್ಲೇ ಇವೆ.

ಈ ವಿವರಣೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು "ಕೆಲಸದ ಜಾಗ" ಎಂಬ ಮಾತು. ದಂತವೈದ್ಯರು ಸುಸ್ತಾದರೆ ಎಲ್ಲರೂ ಅವರ ಮನಸ್ಸನ್ನು ರಿಪೇರಿ ಮಾಡಲು ಹೊರಡುತ್ತಾರೆ. ಪ್ರಾಣಾಯಾಮ ಮಾಡಿ, ಪ್ರವಾಸ ಹೋಗಿ, ಪಾಸಿಟಿವ್ ಆಗಿ ಯೋಚಿಸಿ ಎನ್ನುತ್ತಾರೆ. ಅವೆಲ್ಲ ಒಳ್ಳೆಯದೇ. ಆದರೆ ಧ್ಯಾನ ಮುಗಿಸಿ ನೀವು ಹೋಗಿ ಕೂರುವುದು ಅದೇ ಸ್ಟೂಲಿನ ಮೇಲೆ, ಹೊರಗೆ ಕಾಯುತ್ತಿರುವುದು ಅದೇ ಹತ್ತು ಜನ. ಮೊದಲು ತಿದ್ದಬೇಕಾದದ್ದು ಅಪಾಯಿಂಟ್‌ಮೆಂಟ್ ಪುಸ್ತಕವನ್ನು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಂಟಿಯಾಗಿ ಕ್ಲಿನಿಕ್ ನಡೆಸುವ ದಂತವೈದ್ಯರು ನಿಜಕ್ಕೂ ಮೂವರ ಕೆಲಸ ಮಾಡುತ್ತಾರೆ. ಮಿಲಿಮೀಟರ್ ಲೆಕ್ಕದಲ್ಲಿ ಕೈ ಓಡಿಸುವುದು ಒಂದು. ಎಚ್ಚರವಾಗಿರುವ ಮನುಷ್ಯನ ಭಯವನ್ನು ತಾವು ಹೊರುವುದು ಇನ್ನೊಂದು. ಕೊನೆಗೆ ಗ್ಲೌಸ್ ಬಿಚ್ಚಿ, ಅದೇ ಮನುಷ್ಯನ ಹತ್ತಿರ ದುಡ್ಡಿನ ಮಾತಾಡುವುದು ಮೂರನೆಯದು. ದೊಡ್ಡ ಆಸ್ಪತ್ರೆಯಲ್ಲಿ ಸರ್ಜನ್ ಮುಂದಿರುವ ರೋಗಿ ಅರಿವಳಿಕೆಯಲ್ಲಿ ಮಲಗಿರುತ್ತಾರೆ, ಬಿಲ್ಲಿನ ಮಾತು ಕೌಂಟರ್‌ನಲ್ಲಿ ನಡೆಯುತ್ತದೆ. ನಿಮಗೆ ಆ ಎರಡು ಗೋಡೆಗಳೂ ಇಲ್ಲ.

ಭಯದಿಂದಲೇ ಶುರುಮಾಡೋಣ, ಏಕೆಂದರೆ ಹೆಚ್ಚು ಹಿಂಡುವುದು ಅದೇ. ಕೆಳದವಡೆಯ ದವಡೆಹಲ್ಲು, ಎರಡು ರಾತ್ರಿ ನಿದ್ದೆಗೆಟ್ಟ ಪೇಷೆಂಟ್. ನರ ಮರಗಟ್ಟಿಸುವ ಇಂಜೆಕ್ಷನ್ (ಬ್ಲಾಕ್) ಕೊಟ್ಟಿದ್ದೀರಿ, ತುಟಿ ಮರಗಟ್ಟಿದೆ. ಆದರೂ ಹಲ್ಲು ಕೊರೆಯುವ ಏರೋಟರ್ ತಾಗಿದ ಕೂಡಲೇ ಅವರು ಹಾರಿಬೀಳುತ್ತಾರೆ. ಉರಿಯೂತವಾದ ನರಕ್ಕೆ ಮರಗಟ್ಟಿಸುವ ಔಷಧ ಸರಿಯಾಗಿ ಹಿಡಿಯುವುದಿಲ್ಲ ಎಂದು ಓದಿಯೇ ಬಂದಿದ್ದೇವೆ. ಆದರೂ ಆ ಹೊತ್ತಿಗೆ ಅನಿಸುವುದು "ನನ್ನ ಕೈಯೇ ಸರಿಯಿಲ್ಲ" ಅಂತ. ಅವರ ಹೆದರಿಕೆ ನಿಮ್ಮ ಭುಜಕ್ಕೆ ಇಳಿಯುತ್ತದೆ, ಉಸಿರು ಬಿಗಿಯಾಗುತ್ತದೆ. ಇಂಥದ್ದು ದಿನಕ್ಕೆ ಮೂರು ಬಾರಿಯಾದರೆ ಸಂಜೆ ಮಗು ಹೋಂವರ್ಕ್ ತಂದಾಗ ರೇಗದೆ ಇರುವುದು ಹೇಗೆ?

ಇದಕ್ಕೆ ಮದ್ದು ಬಹುಪಾಲು ಸಮಯದಲ್ಲಿದೆ. ತುಟಿ ಮರಗಟ್ಟಿತೆಂದು ಹಲ್ಲೂ ಮರಗಟ್ಟಿತು ಅಂದುಕೊಳ್ಳಬೇಡಿ. ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ಕೋಲ್ಡ್ ಟೆಸ್ಟ್ ಮಾಡಿ ನೋಡಿ. ಬೇಕಾದರೆ ಹಲ್ಲಿನ ಪಕ್ಕದಲ್ಲೇ ಪೂರಕ ಇಂಜೆಕ್ಷನ್ ಕೊಟ್ಟು ಕಾಯಿರಿ. ಕಾಯುವಾಗ ಪಕ್ಕದ ಚೇರಿಗೆ ಓಡಬೇಡಿ, ಅಲ್ಲೇ ಕುಳಿತು ಮಾತಾಡಿ. "ನೋವಾದರೆ ಎಡಗೈ ಎತ್ತಿ, ಆ ಕ್ಷಣವೇ ನಿಲ್ಲಿಸುತ್ತೇನೆ" ಎಂದು ಹೇಳಿ, ಕೈ ಎತ್ತಿದಾಗ ನಿಜಕ್ಕೂ ನಿಲ್ಲಿಸಿ. ನಿಲ್ಲಿಸುವ ಹಕ್ಕು ತನ್ನ ಕೈಯಲ್ಲಿದೆ ಎಂದು ತಿಳಿದರೆ ಪೇಷೆಂಟ್ ಅರ್ಧ ಸಡಿಲವಾಗುತ್ತಾರೆ, ಜೊತೆಗೆ ನೀವೂ. ಆದರೆ ಪುಸ್ತಕದಲ್ಲಿ ಅರ್ಧ ಗಂಟೆಗೊಂದು ಹೆಸರು ಬರೆದಿಟ್ಟುಕೊಂಡು ಇದನ್ನು ಮಾಡಲಾಗದು. ಅದಕ್ಕೇ ಮತ್ತೆ ಪುಸ್ತಕದ ಮಾತಿಗೆ ಬರುತ್ತೇನೆ.

ಕಷ್ಟದ ಕೆಲಸವನ್ನು, ಅಂದರೆ ದವಡೆಹಲ್ಲಿನ ರೂಟ್ ಕೆನಾಲ್, ಹುದುಗಿದ ಬುದ್ಧಿಹಲ್ಲು ಇಂಥವನ್ನು ಬೆಳಗಿನ ಮೊದಲ ಎರಡು ಗಂಟೆಯಲ್ಲಿಟ್ಟುಕೊಳ್ಳಿ. ಸಂಜೆಗೆ ಕ್ಲೀನಿಂಗ್, ಫಿಲ್ಲಿಂಗ್, ಕ್ಯಾಪ್ ಕೂರಿಸುವುದು, ಚೆಕಪ್ ಸಾಕು. ಬೆಳಿಗ್ಗೆ ಒಂದು, ಸಂಜೆ ಒಂದು ಅಪಾಯಿಂಟ್‌ಮೆಂಟನ್ನು ಖಾಲಿಯೇ ಬಿಡಿ. ನೋವೆಂದು ಓಡಿಬರುವವರಿಗೆ ಆ ಜಾಗ, ಯಾರೂ ಬರದಿದ್ದರೆ ನಿಮಗೆ. ತಾಲ್ಲೂಕು ಊರುಗಳಲ್ಲಿ ಭಾನುವಾರ, ಸಂತೆಯ ದಿನ ಜನ ಹೆಚ್ಚು. ಮುಚ್ಚಲು ಆಗುವುದಿಲ್ಲ ಎನ್ನುತ್ತೀರಿ, ಸರಿ. ಹಾಗಾದರೆ ವಾರದ ನಡುವೆ ಒಂದು ಪೂರ್ತಿ ದಿನ ಮುಚ್ಚಿ, ಬೋರ್ಡಿನಲ್ಲಿ ಬರೆದುಹಾಕಿ. ಮೊದಲ ತಿಂಗಳು ಗೊಣಗುತ್ತಾರೆ, ಆಮೇಲೆ ಊರಿಗೇ ಅಭ್ಯಾಸವಾಗುತ್ತದೆ. ಎರಡು ಹೊತ್ತಿನ ಕ್ಲಿನಿಕ್ ನಡೆಸುವ ಹೆಣ್ಣುಮಕ್ಕಳಿಗೆ ಮಧ್ಯಾಹ್ನ ಎರಡರಿಂದ ಐದು ವಿಶ್ರಾಂತಿ ಎಂಬುದು ಹೆಸರಿಗಷ್ಟೇ. ಅಡುಗೆಮನೆ, ಮಕ್ಕಳ ಶಾಲೆ, ಅತ್ತೆ-ಮಾವನ ಮಾತ್ರೆ ಎಲ್ಲ ಆ ಮೂರು ಗಂಟೆಗೇ ಕಾಯುತ್ತಿರುತ್ತವೆ. ಮನೆಯವರ ಜೊತೆ ಕೂತು ಈ ಕೆಲಸಗಳನ್ನು ಹಂಚಿಕೊಳ್ಳದೆ ಕ್ಲಿನಿಕ್‌ನ ಸುಸ್ತು ಇಳಿಯುವುದಿಲ್ಲ. "ಡಾಕ್ಟರಾಗಿ ನೀನೇ ಹೀಗಂದ್ರೆ" ಎನ್ನುವವರಿಗೆ ಇದನ್ನೇ ಉತ್ತರವಾಗಿ ಕೊಡಿ.

ಫೈಲ್ ವಿಷಯ. ಬಾಗಿದ ಕಾಲುವೆಯಲ್ಲಿ ತಿರುಗಿ ತಿರುಗಿ ಲೋಹ ದಣಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಒಳ್ಳೆಯ ಕೈಗಳಲ್ಲೂ ಆಗುವ ತೊಡಕಿದು. ಮುರಿದ ತುಂಡು ಉಳಿದ ಮಾತ್ರಕ್ಕೆ ಹಲ್ಲು ಹೋಯಿತು ಅಂತಲ್ಲ. ಅದಕ್ಕೂ ಮೊದಲು ಕಾಲುವೆ ಎಷ್ಟು ಸ್ವಚ್ಛವಾಗಿತ್ತು, ಬೇರಿನ ತುದಿಯಲ್ಲಿ ಸೋಂಕಿತ್ತೇ ಎಂಬುದರ ಮೇಲೆ ಮುಂದಿನದು ನಿಂತಿದೆ. ನಿದ್ದೆ ಕೆಡಿಸುವುದು ಮುರಿದ ತುಂಡಿಗಿಂತ ಹೆಚ್ಚಾಗಿ ಅದನ್ನು ಹೇಳದೆ ಇಟ್ಟುಕೊಂಡಿರುವುದು. ಎಕ್ಸ್‌ರೇ ತೆಗೆದು ಅವತ್ತೇ ಪೇಷೆಂಟ್‌ಗೆ ತೋರಿಸಿ, ಕೇಸ್ ಶೀಟಿನಲ್ಲಿ ಬರೆಯಿರಿ, ರೂಟ್ ಕೆನಾಲ್ ತಜ್ಞರಾದ ಎಂಡೋಡಾಂಟಿಸ್ಟ್ ಹತ್ತಿರ ಕಳಿಸಿ. ಚಿಕಿತ್ಸೆಗೆ ಮೊದಲೇ ಕನ್ನಡದ ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆಯನ್ನು ಬರೆದು ವಿವರಿಸಿದ್ದರೆ ಆ ಮಾತು ಇನ್ನೂ ಸಲೀಸು. ಹಾಗೆಯೇ ನೋಡಿದ ಕೂಡಲೇ "ಇದು ನನಗೆ ಭಾರ" ಅನಿಸಿದ ಕೇಸನ್ನು ಒಪ್ಪಿಕೊಳ್ಳಬೇಡಿ. ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರು ತಿಂಗಳಿಗೆ ಎರಡು ದಿನ ನಿಮ್ಮಲ್ಲಿಗೇ ಕನ್ಸಲ್ಟೆಂಟ್ ಆಗಿ ಬರುವ ವ್ಯವಸ್ಥೆ ಮಾಡಿಕೊಳ್ಳಬಹುದು. ಆ ದಿನ ನಿಮ್ಮ ಪಾಲಿಗೆ ಬರುವ ಹಣ ಕಡಿಮೆ, ನಿಜ. ನಿದ್ದೆಗೂ ಬೆಲೆಯಿದೆಯಲ್ಲ.

ದುಡ್ಡಿನ ಮಾತನ್ನು ಚೇರಿನ ಪಕ್ಕದಿಂದ ತೆಗೆದುಹಾಕಿ. ಚಿಕಿತ್ಸೆಗಳ ದರ ಬರೆದ ಒಂದು ಹಾಳೆ ಹೊರಗಿರಲಿ, ಒಟ್ಟು ಖರ್ಚಿನ ಅಂದಾಜನ್ನು ಚೀಟಿಯಲ್ಲಿ ಬರೆದುಕೊಡಿ, ಕಂತು ಬೇಕಿದ್ದರೆ ರಿಸೆಪ್ಷನ್‌ನಲ್ಲಿರುವವರು ಮಾತಾಡಲಿ. "ಮೇಡಂ, ಸ್ವಲ್ಪ ನೋಡಿ ತಗೊಳ್ಳಿ" ಎಂಬ ಚೌಕಾಸಿ ನಿಮ್ಮ ಕಿವಿಗೆ ದಿನಕ್ಕೆ ಹತ್ತು ಸಲ ಬೀಳಬಾರದು. ಬಡವರಿಗೆ ಕಡಿಮೆ ಮಾಡುವುದಿದ್ದರೆ ಅದನ್ನು ನೀವಾಗಿಯೇ ಮೊದಲೇ ನಿರ್ಧರಿಸಿ. ಎಳೆದಾಡಿಸಿಕೊಂಡು ಕೊಟ್ಟ ರಿಯಾಯಿತಿ ಎರಡೂ ಕಡೆಗೆ ಕಹಿ. "ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತಂತೆ" ಎಂಬ ತಪ್ಪುನಂಬಿಕೆಯ ಪ್ರಶ್ನೆಗೂ ಹಾಗೆಯೇ: ಎರಡು ಸಾಲಿನ ಉತ್ತರ ಗೋಡೆಗೆ ಹಾಕಿ, ನಿಮ್ಮ ಗಂಟಲು ಉಳಿಯುತ್ತದೆ. ರಾತ್ರಿಯ ವಾಟ್ಸಾಪ್‌ಗೆ ಕ್ಲಿನಿಕ್‌ನದೇ ಬೇರೆ ನಂಬರ್ ಇರಲಿ. ಊತ, ಜ್ವರ, ನಿಲ್ಲದ ರಕ್ತ ಇದ್ದರೆ ಮಾತ್ರ ಕರೆ ಮಾಡಿ ಎಂದು ಚೀಟಿಯಲ್ಲೇ ಅಚ್ಚು ಹಾಕಿಸಿ.

ಕತ್ತು ನೋವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಲೆಯೊಂದೇ ನಾಲ್ಕೈದು ಕಿಲೋ ತೂಗುತ್ತದೆ, ಮುಂದೆ ಬಾಗಿದಷ್ಟೂ ಕತ್ತಿನ ಸ್ನಾಯುಗಳ ಮೇಲೆ ಎಳೆತ ಹೆಚ್ಚು. ವಯಸ್ಸಾದವರು ಪೂರ್ತಿ ಮಲಗಲು ಒಪ್ಪುವುದಿಲ್ಲ, ಹಾಗಾಗಿ ನಾವೇ ಬಗ್ಗುತ್ತೇವೆ. ಕೆಲವರಿಗೆ ಉಬ್ಬಸ, ಹೃದಯದ ತೊಂದರೆ ಇರುತ್ತದೆ, ಅವರನ್ನು ಮಲಗಿಸುವಂತಿಲ್ಲ. ಮಿಕ್ಕವರನ್ನು ನಿಧಾನಕ್ಕೆ ಒಪ್ಪಿಸಿ ಮಲಗಿಸಿ, ಮೇಲಿನ ಹಲ್ಲುಗಳನ್ನು ಕನ್ನಡಿಯಲ್ಲೇ ನೋಡಿ. ಹಣ ಕೂಡಿದಾಗ ಹೊಸ ಮೆಷಿನ್‌ಗಿಂತ ಮೊದಲು ನಿಮ್ಮ ಎತ್ತರಕ್ಕೆ, ಕೋನಕ್ಕೆ ಹೊಂದುವ ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಮತ್ತು ಒಳ್ಳೆಯ ಸ್ಟೂಲ್ ಕೊಳ್ಳಿ. ಬೆರಳಲ್ಲಿ ಜೋಮು, ಹಿಡಿತದಲ್ಲಿ ಬಲಹೀನತೆ ಕಂಡರೆ ಮೂಳೆ ಅಥವಾ ನರದ ವೈದ್ಯರಿಗೆ ತೋರಿಸಿ, ತಡಮಾಡಬೇಡಿ.

ಈ ಕೆಲಸದ ಒಂಟಿತನದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕಾಲೇಜಿನಲ್ಲಿ ಪಕ್ಕದ ಚೇರಿನಲ್ಲಿ ಗೆಳತಿ ಇದ್ದಳು, "ಒಂದ್ಸಲ ನೋಡೇ" ಎಂದು ಕರೆಯಬಹುದಿತ್ತು. ಈಗ ಆ ಎಂಟು ಗಂಟೆ ನಿಮ್ಮ ಕಷ್ಟ ಅರ್ಥವಾಗುವವರು ಯಾರೂ ಕೋಣೆಯಲ್ಲಿಲ್ಲ. ಅದೇ ಬೀದಿಯ ಇನ್ನೊಬ್ಬ ದಂತವೈದ್ಯರನ್ನು ಪೈಪೋಟಿಯವರೆಂದು ದೂರ ಇಟ್ಟಿದ್ದರೆ ಒಮ್ಮೆ ಕಾಫಿಗೆ ಕರೆಯಿರಿ. ದಂತವೈದ್ಯರ ಸಂಘವಾದ ಐಡಿಎ (ಇಂಡಿಯನ್ ಡೆಂಟಲ್ ಅಸೋಸಿಯೇಷನ್) ಶಾಖೆಯ ಸಭೆಗೆ ಹೋಗಿ, ಉಪನ್ಯಾಸಕ್ಕಿಂತ ಊಟದ ಹೊತ್ತಿನ ಮಾತಿಗಾಗಿಯಾದರೂ. ಕೆಟ್ಟುಹೋದ ಕೇಸನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದಾದ ಒಬ್ಬರು ಫೋನಿನಲ್ಲಿ ಸಿಕ್ಕರೂ ದೊಡ್ಡ ಬಲ.

ವೃತ್ತಿಯನ್ನೇ ಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಯೋಚನೆ ಬಂದಿರಬಹುದು. ಪೂರ್ತಿ ದಣಿದಿರುವಾಗ ಅದನ್ನು ನಿರ್ಧರಿಸಬೇಡಿ. ಮೇಲಿನ ಬದಲಾವಣೆ ಮಾಡಿ ಮೂರು ನಾಲ್ಕು ತಿಂಗಳು ನೋಡಿ. ಸಾಲದ ಕಂತು ಕತ್ತು ಹಿಸುಕುತ್ತಿದ್ದರೆ ಬ್ಯಾಂಕಿನಲ್ಲಿ ಅವಧಿ ವಿಸ್ತರಿಸಲು ಕೇಳಿ. ಆಮೇಲೂ ಬೇಡವೆನಿಸಿದರೆ ಬೋಧನೆ, ಸಾರ್ವಜನಿಕ ಆರೋಗ್ಯ, ಬೇರೆಯವರ ಕ್ಲಿನಿಕ್‌ನಲ್ಲಿ ವಾರಕ್ಕೆ ಮೂರು ದಿನದ ಕೆಲಸ ಎಲ್ಲವೂ ಮರ್ಯಾದೆಯ ದಾರಿಗಳೇ.

ಇನ್ನೊಂದನ್ನು ತುಂಬಾ ಕಾಳಜಿಯಿಂದ ಕೇಳುತ್ತೇನೆ. ರಜೆ ಹಾಕಿ ಊರಿಗೆ ಹೋದಾಗ ಹಗುರಾಗುತ್ತೀರಾ? ಹಗುರಾದರೆ ಅದು ಬಹುಶಃ ಕೆಲಸದ ಸುಸ್ತು. ಅಲ್ಲೂ ಯಾವುದರಲ್ಲೂ ಖುಷಿಯಿಲ್ಲ, ಊಟ ರುಚಿಸುವುದಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದೆ, ಎರಡು ವಾರಕ್ಕೂ ಹೆಚ್ಚು ಹೀಗೇ ಇದೆ ಎಂದಾದರೆ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಕೆಲಸ ಮಾಡುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಕೂಡ ಒಮ್ಮೆ ಪರೀಕ್ಷಿಸಿಕೊಳ್ಳಿ. ಅವುಗಳ ಏರುಪೇರೂ ಇದೇ ರೀತಿಯ ಸುಸ್ತು ತರಬಲ್ಲದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಅವತ್ತೇ ಯಾರಿಗಾದರೂ ಹೇಳಿ, ನಾಳೆಗೆ ಇಡಬೇಡಿ. ಚಿಕ್ಕ ಊರಿನಲ್ಲಿ "ಡಾಕ್ಟರಮ್ಮನೇ ಮನೋವೈದ್ಯರ ಹತ್ತಿರ ಹೋಗಿದ್ದರು" ಎಂಬ ಮಾತಿಗೆ ಹೆದರಿ ಎಷ್ಟೋ ಜನ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಬೇಕಾದರೆ ಪಕ್ಕದ ಜಿಲ್ಲೆಯ ಮನೋವೈದ್ಯರನ್ನು ನೋಡಿ. ಮನೆಯಿಂದಲೇ ಮಾತಾಡಬೇಕೆಂದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ-ಮನಸ್ ಸಹಾಯವಾಣಿ ಇದೆ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.