ಉಕ್ಕಿನ ಅಂಗಿಗೆ ಚರ್ಮದ ಹೆಸರು

15ನೇ ಶತಮಾನದ ಯುರೋಪಿನ ಸರದಾರ ಯುದ್ಧಕ್ಕೆ ಹೊರಡುವಾಗ ಗದ್ದ, ಗಂಟಲು ಮುಚ್ಚುವ ಹಾಗೆ ಒಂದು ಉಕ್ಕಿನ ತಗಡು ಕಟ್ಟಿಕೊಳ್ಳುತ್ತಿದ್ದ. ಇಂಗ್ಲಿಷಿನಲ್ಲಿ ಅದು ಬೀವರ್. ಕೇಳೋಕೆ ಗತ್ತಾಗಿದೆ, ಅಲ್ವಾ? ಹಳೆಯ ಫ್ರೆಂಚಿನಲ್ಲಿ ಇದರ ಮೂಲಪದಕ್ಕೆ ಅರ್ಥ, ಮಗುವಿನ ಕೊರಳಿಗೆ ಕಟ್ಟುವ ಜೊಲ್ಲು ಬಟ್ಟೆ!

ಇಂಥ ಹೆಸರುಗಳು ಜಾಸ್ತಿ ಬಂದಿದ್ದು ಫ್ರೆಂಚಿನಿಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚಾಯಿತು, ಕತ್ತಿ ಹಿಡಿಯುವವರೂ ಅವರೇ. ಆದರೆ ಪದಗಳೇನೂ ರಾಜಗಾಂಭೀರ್ಯದವಲ್ಲ. ತೋಳಿನ ಕವಚ ವ್ಯಾಂಬ್ರೇಸ್, ಅಂದರೆ ಮುಂಗೈ. ಕಾಲಿನ ಕವಚ ಗ್ರೀವ್, ಅಂದರೆ ಕಣಕಾಲು. ಸುಮ್ನೆ ಮೈಯ ಭಾಗಗಳ ಹೆಸರು, ಅಷ್ಟೇ.

ನನಗೆ ಇಷ್ಟವಾದ ಪದ ಕ್ವಿರಾಸ್, ಅಂದರೆ ಎದೆ ಬೆನ್ನಿನ ಕವಚ. ಫ್ರೆಂಚಿನಲ್ಲಿ ‘ಕ್ವಿರ್’ ಎಂದರೆ ಚರ್ಮ. ಮೊದಲು ಎದೆಗೆ ಕಟ್ಟುತ್ತಿದ್ದದ್ದು ಗಟ್ಟಿ ಚರ್ಮ. ಆಮೇಲೆ ಅದೇ ಜಾಗಕ್ಕೆ ಉಕ್ಕು ಬಂತು, ಹೆಸರು ಮಾತ್ರ ಚರ್ಮದ್ದೇ ಉಳಿಯಿತು.

ಗಾಂಟ್ಲೆಟ್ ಕಥೆ ಇನ್ನೂ ಚೆಂದ. ‘ಗಾಂ’ ಎಂದರೆ ಕೈಗವಸು, ಗಾಂಟ್ಲೆಟ್ ಎಂದರೆ ಪುಟ್ಟ ಕೈಗವಸು. ಒಳಗೆ ಮೆತ್ತನೆಯ ಚರ್ಮದ ಗವಸು, ಮೇಲೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಜಾರುವ ಸಣ್ಣ ತಗಡುಗಳು. ಹಾಗಾಗಿ ಬೆರಳು ಮಡಚಬಹುದು, ಕತ್ತಿ ಹಿಡಿಯಬಹುದು. ಯಾರನ್ನಾದರೂ ಕಾಳಗಕ್ಕೆ ಕರೆಯಲು ಇದನ್ನೇ ನೆಲಕ್ಕೆ ಎಸೆಯುತ್ತಿದ್ದರು. ಆದರೆ ಇಂಗ್ಲಿಷಿನಲ್ಲಿ ‘ಗಾಂಟ್ಲೆಟ್ ಓಡುವುದು’ ಅನ್ನುತ್ತಾರಲ್ಲ, ಅದಕ್ಕೂ ಈ ಗವಸಿಗೂ ಸಂಬಂಧವೇ ಇಲ್ಲ. ಅದು ಸ್ವೀಡಿಷ್ ಭಾಷೆಯ ‘ಗಾಟ್‌ಲೋಪ್’. ಗಾಟ ಎಂದರೆ ಓಣಿ, ಲೋಪ್ ಎಂದರೆ ಓಟ. ಎರಡು ಸಾಲು ಸೈನಿಕರು ಹೊಡೆಯುತ್ತಿರುವಾಗ ತಪ್ಪಿತಸ್ಥ ನಡುವೆ ಹಾದುಹೋಗಬೇಕಿದ್ದ ಶಿಕ್ಷೆ. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದ ಪರಿಚಯದ ಗಾಂಟ್ಲೆಟ್ ಜೊತೆ ಬೆರೆತುಹೋಯಿತು.

ಇನ್ನು ‘ಚೈನ್ ಮೇಲ್’. ಮೇಲ್ ಪದದ ಬೇರು ಲ್ಯಾಟಿನ್ನಿನ ‘ಮಾಕುಲ’. ಚುಕ್ಕೆ ಅಂತಲೂ ಅರ್ಥ, ಬಲೆಯ ಕಣ್ಣು ಅಂತಲೂ ಅರ್ಥ. ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಸಿಕ್ಕಿಸಿದ ಅಂಗಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕೆ? ಮೇಲ್ ಒಂದೇ ಸಾಕಿತ್ತು. ಚೈನ್ ಸೇರಿಸಿದ್ದು ‘ನಡು ಮಧ್ಯೆ’ ಅಂದ ಹಾಗೆ. ವಿಡಿಯೊ ಗೇಮುಗಳ ‘ಪ್ಲೇಟ್ ಮೇಲ್’ ಅಂತೂ ತಗಡಿನ ಬಲೆ! ಅಂಚೆಯ ಮೇಲ್ ಬೇರೆಯೇ, ಅದರ ಮೂಲ ಅರ್ಥ ಚೀಲ.

ನಮ್ಮಲ್ಲೂ ಪದಗಳು ಹೀಗೆ ಓಡಾಡುತ್ತವೆ. ಹಳೆಯ ಕಾವ್ಯದಲ್ಲಿ ವೀರರು ತೊಡುವ ‘ಜೋಡು’ ಕವಚ. ಹಳ್ಳಿ ಮನೆಯ ಬಾಗಿಲಲ್ಲಿ ಬಿಡುವ ಜೋಡು ಚಪ್ಪಲಿ.

ಕೊನೆಗೆ ಕೊರಳಿನ ಕವಚ, ಗಾರ್ಜೆಟ್. ಫ್ರೆಂಚಿನ ‘ಗೋರ್ಜ್’, ಅಂದರೆ ಗಂಟಲು. ಬಂದೂಕು ಬಂದು ಕವಚವೆಲ್ಲ ಮೂಲೆ ಸೇರಿದರೂ ಇದು ಉಳಿಯಿತು, ಅಂಗೈ ಅಗಲದ ಅರ್ಧಚಂದ್ರವಾಗಿ. ಬ್ರಿಟಿಷ್ ಸೇನೆಯ ಅಧಿಕಾರಿಗಳು 1830ರವರೆಗೂ ಅದನ್ನು ಕೊರಳಲ್ಲಿ ನೇತುಹಾಕಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಅದು ಕಾಯುತ್ತಿದ್ದದ್ದು ಗಂಟಲನ್ನಲ್ಲ, ಹುದ್ದೆಯನ್ನು.