ಬೋರ್ಡೋ ದ್ರಾವಣ: ಶೇ 1ರ ಲೆಕ್ಕ, ಕತ್ತಿ ಪರೀಕ್ಷೆ, ಮಣ್ಣಿಗಿಳಿಯುವ ತಾಮ್ರ

ಯಾವ ಕೊಳೆ?

ಕೊಡಗಿನ ತೋಟಗಳಲ್ಲಿ ಮಳೆಗಾಲದ ಕೊಳೆ ಒಂದೇ ಬಗೆಯದಲ್ಲ. ಕಾಫಿಯ ಕೊಳೆರೋಗ ಶಿಲೀಂಧ್ರದಿಂದ ಬರುತ್ತದೆ. ಎಲೆ ಕಪ್ಪಾಗಿ ಕಳಚಿದರೂ ಕೆಳಗೆ ಬೀಳದೆ ಬಿಳಿ ನೂಲಿನಂಥ ಎಳೆಯಲ್ಲಿ ಜೋತಾಡುತ್ತದೆ. ಕರಿಮೆಣಸಿನ ಶೀಘ್ರ ಸೊರಗು ಮತ್ತು ಅಡಿಕೆಯ ಕೊಳೆಗೆ ಕಾರಣ ಫೈಟಾಫ್ತೊರಾ, ಶಿಲೀಂಧ್ರದಂತೆ ಕಂಡರೂ ಬೇರೆ ಗುಂಪಿನ ಸೂಕ್ಷ್ಮಜೀವಿ. ಮೆಟಲಾಕ್ಸಿಲ್ ಎಂಬ ಔಷಧ ಕೆಲಸ ಮಾಡುವುದು ಈ ಎರಡನೆಯ ಗುಂಪಿನ ಮೇಲೆ ಮಾತ್ರ. ಕಾಫಿ ಕೊಳೆಗೆ ಅದನ್ನು ಹೊಡೆದರೆ ದುಡ್ಡು ದಂಡ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಮೂರಕ್ಕೂ ಆಗುತ್ತದೆ, ಆದರೆ ಅದು ರೋಗ ಬಾರದಂತೆ ತಡೆಯುವ ಮದ್ದು. ಹಾಗಾಗಿ ಮುಂಗಾರು ಹಿಡಿಯುವ ಮೊದಲೇ ಎಲೆಯ ಅಡಿಭಾಗ ತೋಯುವಂತೆ ಹೊಡೆದಿರಬೇಕು.

ಶೇ 1 ಎಂದರೆ

1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಎಲ್ಲ ಸೇರಿ 100 ಲೀಟರ್ ನೀರು. "ಎಲ್ಲ ಸೇರಿ" ಎಂಬುದಕ್ಕೆ ಗೆರೆ ಹಾಕಿಕೊಳ್ಳಿ. ತುತ್ತಕ್ಕೆ 50, ಸುಣ್ಣಕ್ಕೆ 50. ಎರಡಕ್ಕೂ ನೂರು ನೂರು ಲೀಟರ್ ಹಾಕಿದರೆ ಕೈಗೆ ಬರುವುದು ಶೇ 0.5. 200 ಲೀಟರ್ ಬ್ಯಾರಲ್ಲಿಗೆ ಎರಡೆರಡು ಕೆ.ಜಿ.

ತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ರಾತ್ರಿಯೇ ತೂಗುಬಿಡಿ. ಕರಗಿದ ತುತ್ತದ ನೀರು ಭಾರವಾಗಿ ತಳಕ್ಕಿಳಿಯುತ್ತದೆ, ಗಂಟಿನ ಸುತ್ತ ಹೊಸ ನೀರು ಬರುತ್ತಿರುತ್ತದೆ. ತಳಕ್ಕೆ ಸುರಿದರೆ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ.

ಸುಟ್ಟ ಸುಣ್ಣವನ್ನು ಅರಳಿಸಿ, ಪೂರ್ತಿ ತಣಿಸಿ, ಸೋಸಿ. ಬಿಸಿ ಸುಣ್ಣಕ್ಕೆ ತುತ್ತ ಸೇರಿದರೆ ತಿಳಿನೀಲಿ ಬಣ್ಣ ಕಪ್ಪಿಗೆ ತಿರುಗಿ ಮದ್ದು ಕೆಡುತ್ತದೆ. ಬೆರೆಸುವಾಗ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಲಕುತ್ತಲೇ ಇರಬೇಕು. ತಿರುಗುಮುರುಗು ಮಾಡಿದರೆ ಕಣಗಳು ದಪ್ಪವಾಗಿ ನಾಜಲ್ ಕಟ್ಟುತ್ತದೆ, ಎಲೆಗೂ ಸರಿಯಾಗಿ ಅಂಟುವುದಿಲ್ಲ. ಆಯಾ ದಿನ ಮಾಡಿದ್ದು ಆಯಾ ದಿನವೇ ಮುಗಿಯಬೇಕು.

ಕತ್ತಿ ಪರೀಕ್ಷೆ: ಗೊಂದಲ ಹುಟ್ಟುವುದು ಇಲ್ಲಿ

ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ. ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಎಲೆ ಸುಡುತ್ತದೆ. ಸುಣ್ಣದ ನೀರು ಸೇರಿಸುತ್ತಾ ಲೇಪ ನಿಲ್ಲುವ ತನಕ ನೋಡಬೇಕು. ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂರುವುದೇ ಆ ಕೆಂಪು. ಕಬ್ಬಿಣದ ಬಕೆಟ್ಟಿನಲ್ಲಿ ತುತ್ತ ಕರಗಿಸಬಾರದು ಅನ್ನುವುದೂ ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಅಥವಾ ಮರದ ಪಾತ್ರೆಯೇ ಆಗಬೇಕು. ಪರೀಕ್ಷೆಗೆ ಸ್ಟೀಲ್ ಚಾಕು ಬೇಡ. ತುಕ್ಕು ಹಿಡಿಯದ ಲೋಹದ ಮೇಲೆ ಲೇಪ ಸುಲಭವಾಗಿ ಕೂರುವುದಿಲ್ಲ, ಹುಳಿ (ಕರಗಿದ ತಾಮ್ರ ಉಳಿದ) ದ್ರಾವಣವೂ ಪಾಸಾದಂತೆ ಕಾಣುತ್ತದೆ.

ಸುಣ್ಣ 1 ಕೆ.ಜಿ.ಯೇ ಏಕೆ? ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಕೆ.ಜಿ. ತುತ್ತಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು. ಆದರೆ ಗಾಳಿಗೆ ಬಿದ್ದ ಸುಣ್ಣ ನಿಧಾನವಾಗಿ ಕಾರ್ಬೊನೇಟ್ ಆಗುತ್ತದೆ. ತೂಕ ಇರುತ್ತದೆ, ಕಸುವು ಇರುವುದಿಲ್ಲ. ಹಳೆ ಮೂಟೆಯ ಒಂದು ಕೆ.ಜಿ. ಕೂಡ ಸಾಲದೆ ಹೋಗಬಹುದು. ಅದಕ್ಕೇ ತಕ್ಕಡಿಯ ಮೇಲೆ ಕತ್ತಿಯ ತೀರ್ಪು.

ಆದರೆ ಕತ್ತಿ ಹೇಳುವುದು ಹುಳಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ, ಶೇಕಡಾವಾರು ಅದಕ್ಕೆ ಗೊತ್ತಾಗದು. ನೀರು ಜಾಸ್ತಿಯಾಗಿ ಶೇ 0.5ಕ್ಕೆ ಇಳಿದ ದ್ರಾವಣದಲ್ಲೂ ಕತ್ತಿ ಬೆಳ್ಳಗೇ ಇರುತ್ತದೆ. ಅಳತೆ ಬೇರೆ, ಪರೀಕ್ಷೆ ಬೇರೆ, ಎರಡೂ ಬೇಕು.

ತಾಮ್ರ ಎಲ್ಲಿಗೆ ಹೋಗುತ್ತದೆ?

ಮೈಲುತುತ್ತದಲ್ಲಿ ತಾಮ್ರ ಸುಮಾರು ಶೇ 25. ಅಂದರೆ ಒಂದು ಬ್ಯಾರಲ್ಲಿಗೆ ಅರ್ಧ ಕೆ.ಜಿ. ಎಕರೆಗೆ ಮೂರು ಬ್ಯಾರಲ್ ಹೊಡೆದರೆ ಒಂದೂವರೆ ಕೆ.ಜಿ., ಎರಡು ಸುತ್ತಿಗೆ ಮೂರು. ಯುರೋಪಿಯನ್ ಒಕ್ಕೂಟ ತನ್ನ ಕೃಷಿಗೆ ಹಾಕಿರುವ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ., ಎಕರೆಗೆ ವರ್ಷಕ್ಕೆ ಸರಾಸರಿ 1.6. ತಾಮ್ರ ಕೊಳೆಯುವ ವಸ್ತುವಲ್ಲ, ಮೇಲ್ಮಣ್ಣಿನಲ್ಲೇ ಕೂತು ಎರೆಹುಳುವಿಗೆ ಕಂಟಕವಾಗುತ್ತದೆ.

ಹಾಗಾಗಿ ಸಿಂಪಡಣೆ ಕಡಿಮೆ ಸಾಕಾಗುವಂತೆ ಮೊದಲ ಕೆಲಸ ಮರ ಕಪಾತು (ನೆರಳಿನ ಮರದ ಕೊಂಬೆ ಕತ್ತರಿಸುವುದು), ಗಿಡದ ನಡುವೆ ಬೆಳಕು ಬೀಳುವಂತೆ ಸೆಂಟರಿಂಗ್, ಚರಂಡಿ ಬಿಡಿಸುವುದು, ಗಿಡದ ಮೇಲೆ ಸಿಕ್ಕಿಕೊಂಡ ತರಗೆಲೆ ಕೊಡವುವುದು. ಎರಡನೇ ಸುತ್ತನ್ನು ಭಾಗಮಂಡಲದ ಕಡೆಯಂತೆ ಮಳೆ ಬಿಡದ, ಮಂಜು ಕವಿಯುವ ತಗ್ಗಿಗೆ, ಮಳೆ ಬಿಡುವು ಕೊಟ್ಟಾಗ ಇಟ್ಟುಕೊಳ್ಳಿ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ರೋಗ ನೋಡಿ ನಿರ್ಧರಿಸಬೇಕು.

ಮೆಣಸಿನ ಬುಡಕ್ಕೆ ಟ್ರೈಕೊಡರ್ಮಾ ಎಂಬ ಜೈವಿಕ ಮದ್ದು ಕೊಡುವವರು ಅದೇ ಹೊತ್ತಿಗೆ ಬೋರ್ಡೋ ಸುರಿಯಬೇಡಿ. ಅದೂ ಶಿಲೀಂಧ್ರವೇ, ತಾಮ್ರದಿಂದ ಅದಕ್ಕೂ ಪೆಟ್ಟು ಬೀಳಬಹುದು.