ಮತ್ಸ್ಯಕನ್ಯೆಗೆ ಬೆನ್ನುಮೂಳೆ ಇತ್ತಾ?

ಸಂಜೆ ಕೊನೆಯ ಪೇಷೆಂಟ್ ಹೊರಟ ಮೇಲೆ ನಮ್ಮ ಟೆಕ್ನೀಷಿಯನ್ ಹುಡುಗ ಮೊಬೈಲ್ ಹಿಡಿದು ಬಂದ. ‘ಮೇಡಂ, ಜಪಾನಲ್ಲಿ ಮತ್ಸ್ಯಕನ್ಯೆಗೆ ಸಿಟಿ ಸ್ಕ್ಯಾನ್ ಮಾಡಿದ್ರಂತೆ. ನಿಜಾನಾ?’

ಸ್ಕ್ಯಾನ್ ಮಾಡಿದ್ದಂತೂ ನಿಜ. ಒಕಯಾಮಾ ಪ್ರಾಂತ್ಯದ ಅಸಕುಚಿ ಊರಿನಲ್ಲಿ ಎಂಜುಯಿನ್ ಎಂಬ ಬೌದ್ಧ ದೇವಾಲಯವಿದೆ. ಅಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ಒಣಗಿದ ಆಕೃತಿಯೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಮೇಲೆ ಮನುಷ್ಯನ ಮೈ, ಕೆಳಗೆ ಮೀನಿನ ಬಾಲ. ಎರಡೂ ಕೈ ಮುಖದ ಹತ್ತಿರ, ಬಾಯಿ ತೆರೆದು ಕಿರುಚುವ ಹಾಗೆ. ಚಂದದ ಹುಡುಗಿಯನ್ನು ನಿರೀಕ್ಷಿಸಿ ನೋಡಿದರೆ ಬೆಚ್ಚಿಬೀಳುತ್ತೀರಿ. 1736–41ರ ನಡುವೆ ತೋಸಾ ಕಡಲಲ್ಲಿ ಬಲೆಗೆ ಬಿದ್ದದ್ದು ಅಂತ ಜೊತೆಗಿರುವ ಚೀಟಿ ಹೇಳುತ್ತದೆ. 2022ರಲ್ಲಿ ಕುರಾಶಿಕಿಯ ವಿಶ್ವವಿದ್ಯಾಲಯವೊಂದರ ತಂಡ ಇದರ ಪರೀಕ್ಷೆಗೆ ಕೈಹಾಕಿತು.

ನಮ್ಮ ಯಂತ್ರ ಮೈಯನ್ನು ತೆಳು ಬಿಲ್ಲೆಗಳಾಗಿ ತೋರಿಸುತ್ತದೆ, ಸೌತೆಕಾಯಿ ಹೆಚ್ಚಿದ ಹಾಗೆ. ಪ್ರತಿ ಚುಕ್ಕೆಗೂ ಒಂದು ಅಂಕಿ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಹತ್ತಿ, ಕಾಗದದಂಥವುಗಳಲ್ಲಿ ಗಾಳಿಯೇ ಜಾಸ್ತಿ. ಹಾಗಾಗಿ ಕಪ್ಪಗೆ ಕಾಣುತ್ತವೆ. ಮೂಳೆ ಬೆಳ್ಳಗೆ ಹೊಳೆಯುತ್ತದೆ.

ಇಂಥದ್ದು ನನ್ನ ಕೈಗೆ ಬಂದರೆ ಮುಖ ನೋಡುವುದಿಲ್ಲ, ನೇರ ಸೊಂಟಕ್ಕೆ ಹೋಗುತ್ತೇನೆ. ಮತ್ಸ್ಯಕನ್ಯೆ ಸಿಕ್ಕಿಬೀಳುವುದೇ ಅಲ್ಲಿ. ನಮ್ಮ ಬೆನ್ನುಮೂಳೆ ಕೆಳಗೆ ಬಂದು ಸೊಂಟದ ಮೂಳೆಗೆ ಕಚ್ಚಿಕೊಳ್ಳುತ್ತದೆ. ಮೀನಿಗೆ ಆ ಜೋಡಣೆಯೇ ಇಲ್ಲ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ನಮ್ಮ ಹಾಗೆ ಹಾಲೂಡಿಸುವ ಡಾಲ್ಫಿನ್ ಮೇಲೆ ಕೆಳಗೆ ಬೀಸುತ್ತದೆ. ಅರ್ಧ ಮನುಷ್ಯ ಅರ್ಧ ಮೀನು ಇದ್ದರೆ ಯಾವ ಕಡೆ ಬೀಸಬೇಕು? ಚಿತ್ರಕಾರರು ಈ ತಾಪತ್ರಯಕ್ಕೆ ಹೋಗುವುದಿಲ್ಲ. ಸುಮ್ನೆ ಒಂದು ಸಾಲು ಹುರುಪೆ ಬರೆದು ಮುಗಿಸುತ್ತಾರೆ.

ಎಂಜುಯಿನ್ ಬೊಂಬೆ ಮಾಡಿದವನೂ ಹೋಗಿರಲಿಲ್ಲ. 2023ರ ಫೆಬ್ರುವರಿಯಲ್ಲಿ ಫಲಿತಾಂಶ ಬಂತು. ಬೆನ್ನುಮೂಳೆ ಇಲ್ಲ, ಪಕ್ಕೆಲುಬಿಲ್ಲ, ತಲೆಬುರುಡೆಯೂ ಇಲ್ಲ. ತಲೆಯೊಳಗೆ ಹೆಚ್ಚುಕಮ್ಮಿ ಹತ್ತಿ. ಮೇಲಿನ ಮೈ ಬಟ್ಟೆ, ಕಾಗದ, ಹತ್ತಿ. ತೋಳು, ಭುಜ, ಕತ್ತಿಗೆ ಪಫರ್ ಮೀನಿನ ಚರ್ಮ. ಬಾಯಲ್ಲಿ ಯಾವುದೋ ಮಾಂಸಾಹಾರಿ ಮೀನಿನ ದವಡೆ. ಬಾಲ ಮಾತ್ರ ಅಸಲಿ ಮೀನಿನದು, ಮೂಳೆ ಸಮೇತ.

ಆದರೆ ಈ ಕೆಲಸಕ್ಕೆ ಯಂತ್ರವೇ ಬೇಕು ಅಂತೇನಿಲ್ಲ. 1822ರಲ್ಲಿ ಸ್ಯಾಮ್ಯುಯೆಲ್ ಈಡ್ಸ್ ಎಂಬ ಅಮೆರಿಕನ್ ಕ್ಯಾಪ್ಟನ್ ಇಂಥದ್ದೇ ಬೊಂಬೆಯನ್ನು ಲಂಡನ್ನಿಗೆ ತಂದ. ಅದನ್ನು ಕೊಳ್ಳಲು ಹಡಗನ್ನೇ ಮಾರಿದ್ದ. ಹಡಗಿನಲ್ಲಿ ಅವನದ್ದು ಒಂದು ಪಾಲಷ್ಟೇ! ವಿಲಿಯಂ ಕ್ಲಿಫ್ಟ್ ಎಂಬ ಅಂಗರಚನಾ ತಜ್ಞ ಅದನ್ನು ಪರೀಕ್ಷಿಸಿ, ಒರಾಂಗುಟಾನ್ ತಲೆಬುರುಡೆಗೆ ಮೀನಿನ ಮೈ ಜೋಡಿಸಿದ್ದಾರೆ ಎಂದುಬಿಟ್ಟ. ಎಕ್ಸ್‌ರೇ ಬರಲು ಇನ್ನೂ 73 ವರ್ಷ ಬಾಕಿ ಇತ್ತು. ಆತನ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ಜನ ಮಾತ್ರ ಕೇಳಲಿಲ್ಲ. ಅದೇ ಬೊಂಬೆ ಎನ್ನಲಾಗುವ ‘ಫಿಜಿ ಮತ್ಸ್ಯಕನ್ಯೆ’ಯನ್ನು 1842ರಲ್ಲಿ ಪಿ.ಟಿ. ಬಾರ್ನಮ್ ಎಂಬ ಅಮೆರಿಕದ ಪ್ರದರ್ಶನ ವ್ಯಾಪಾರಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟಾಗ ಮುಗಿಬಿದ್ದು ನೋಡಿದರು.

ಎಂಜುಯಿನ್ ಬೊಂಬೆಯನ್ನು ಮೋಸ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೋವಿಡ್ ಹೊತ್ತಿನಲ್ಲಿ, ಸ್ವಲ್ಪವಾದರೂ ಕಡಿಮೆಯಾಗಲಿ ಅಂತ ಅದಕ್ಕೆ ಪೂಜೆ ಸಲ್ಲಿಸಿದೆವು ಎಂದು ಅಲ್ಲಿನ ಅರ್ಚಕರು ಹೇಳಿದ್ದರು. ಆ ದಿನಗಳಲ್ಲಿ ನಾನು ಎದೆಯ ಸ್ಕ್ಯಾನ್ ನೋಡುತ್ತಾ ಕೂತಿದ್ದವಳು. ಪ್ರಾರ್ಥನೆ ನಾನೂ ಮಾಡಿದ್ದೇನೆ.

ಇಷ್ಟೆಲ್ಲಾ ಕೇಳಿದ ಹುಡುಗ, ‘ಹಾಗಾದ್ರೆ ರಿಪೋರ್ಟ್ ಹೇಗೆ ಬರೀತೀರಾ ಮೇಡಂ?’ ಅಂದ. ತಮಾಷೆಗೆ ಖಾಲಿ ಫಾರ್ಮ್ ತೆರೆದೆ. ಹೆಸರು ಬರೆದೆ. ವಯಸ್ಸಿನ ಕಾಲಂಗೆ ಬಂದು ನಿಂತೆ. ಚೀಟಿಯ ಪ್ರಕಾರ ಅದು ಸಿಕ್ಕಿದ್ದು 1741ರೊಳಗೆ. ಹುರುಪೆಯ ಕಾರ್ಬನ್ ಪರೀಕ್ಷೆಯ ಪ್ರಕಾರ ಆ ಮೀನು ಈಜಾಡಿಕೊಂಡಿದ್ದದ್ದು 19ನೇ ಶತಮಾನದ ಕೊನೆಯಲ್ಲಿ.

‘ಪೇಷೆಂಟ್ ವಯಸ್ಸು ಸುಳ್ಳು ಹೇಳೋದು ಹೊಸದಲ್ಲ ಅಲ್ವಾ ಮೇಡಂ’ ಅಂತ ಅವನು ಲೈಟ್ ಆರಿಸಿದ.